ತಲೆಕೆಳಗಾದ ಮೈಲಿಗಲ್ಲು

ರಾತ್ರಿ ಪಾಳಿಯಲ್ಲಿ ನಾವಿಬ್ಬರೇ:
ನಾನು, ಮತ್ತು ಗೋಡೆಗೆ ಸರಿದು ನಿಂತ ಈ ಕಲ್ಲುಕಂಬ.
ಹೊರಗೆ ಕಾರ್ಲೈಲಿನ ಕೋಟೆ ಮೇಲೆ ತುಂತುರು,
ಒಳಗೆ ಹೀಟರಿನ ಗೊರಕೆ.
ಸುತ್ತು ಹೊಡೆದಾಗಲೆಲ್ಲ ಟಾರ್ಚನ್ನು ಓರೆ ಹಿಡಿಯುತ್ತೇನೆ.
ನೇರ ಬಿಟ್ಟರೆ ಅಕ್ಷರ ಏಳುವುದಿಲ್ಲ,
ಅಪ್ಪ ಹೇಳಿಕೊಟ್ಟದ್ದು.

ಅಪ್ಪ ಮೈಸೂರಿನಲ್ಲಿ ಶಾಸನಗಳ ಅಚ್ಚು ತೆಗೆಯುತ್ತಿದ್ದ.
ಹಳಗನ್ನಡ ಬಾರದು, ಹೊಸಗನ್ನಡವೂ ಅಷ್ಟಕ್ಕಷ್ಟೆ.
ಕಲ್ಲು ತೊಳೆದು, ಒದ್ದೆ ಕಾಗದ ಹೊದಿಸಿ,
ಬ್ರಶ್ಶಿನಿಂದ ಡಬಡಬ ಬಡಿದು, ಮಸಿ ಒತ್ತಿ
ಎಬ್ಬಿಸುತ್ತಿದ್ದ ರಾಜರನ್ನು.
"ಎದ್ದ ನೋಡು" ಅನ್ನುತ್ತಿದ್ದ.
ಎದ್ದವ ಯಾರೆಂದು ಅವನಿಗೂ ಗೊತ್ತಿರುತ್ತಿರಲಿಲ್ಲ.
ಕೆಲವರು ಹಳ್ಳದ ದಂಡೆಯಲ್ಲಿ ಸಿಗುತ್ತಿದ್ದರು,
ಬೋರಲು ಬಿದ್ದು
ಊರವರ ಬಟ್ಟೆಗೆಲ್ಲ ಬೆನ್ನು ಕೊಟ್ಟು.

ಇವನೂ ಹೊಳೆಯಲ್ಲಿ ಸಿಕ್ಕವನೇ.
ಪೆಟ್ಟೆರಿಲ್ ಅಂತ, ಊರಾಚೆ ಹರಿಯುತ್ತದೆ;
ಬೇಸಿಗೆಯಲ್ಲಿ ಮೊಣಕಾಲು ನೆನೆಯುವಷ್ಟು.
ಹೆಸರು ಕರಾಸಿಯಸ್.
ಆಚೆ ದಡದ ಬಡವರ ಮಗ,
ದೋಣಿಯ ಚುಕ್ಕಾಣಿ ಹಿಡಿದು ಕೂಲಿ ಉಂಡವ.
ಕಡಲ್ಗಳ್ಳರನ್ನು ಹಿಡಿಯೆಂದು ರೋಮ್ ಹಡಗು ಕೊಟ್ಟಿತು.
ಹಿಡಿದ.
ಬರುವಾಗ ಬಿಟ್ಟು ಹೋಗುವಾಗ ಹಿಡಿದ,
ಗಂಟು ಕಳೆದುಕೊಂಡವರಿಗೂ ಮುಟ್ಟಲಿಲ್ಲ, ಬೊಕ್ಕಸಕ್ಕೂ ಮುಟ್ಟಲಿಲ್ಲ
ಎಂದು ಬರೆದಿದ್ದಾರೆ.
ಬರೆದವರು ಗೆದ್ದವರ ಅನ್ನ ಉಂಡವರು,
ನಾನಂತೂ ಪೂರ್ತಿ ನಂಬುವುದಿಲ್ಲ. ಪೂರ್ತಿ ಬಿಡುವುದೂ ಇಲ್ಲ.
ಅವನ ತಲೆ ತೆಗೆಯಿರೆಂದು ಆಜ್ಞೆ ಹೊರಟಿತು.
ಹೋಗುವ ತಲೆ ಕಿರೀಟ ಹೊತ್ತೇ ಹೋಗಲಿ ಅಂದುಕೊಂಡನೋ ಏನೋ,
ಕಡಲು ದಾಟಿ ಬಂದು
ಈ ದ್ವೀಪಕ್ಕೆ ತಾನೇ ಚಕ್ರವರ್ತಿಯಾದ.

ಏಳು ವರ್ಷ.
ಪಕ್ಕದ ಗಾಜಿನಡಿ ಅವನ ನಾಣ್ಯವಿದೆ:
ಗೂಳಿಯ ಕತ್ತು, ಕುರುಚಲು ಗಡ್ಡ,
ಮೀನು ಮಾರುಕಟ್ಟೆಯಲ್ಲಿ ಚೌಕಾಸಿಗೆ ನಿಂತ ಮುಖ.
ರೋಮಿನ ದುಡ್ಡಲ್ಲಿ ಬೆಳ್ಳಿ ಹುಡುಕಬೇಕಿತ್ತಂತೆ ಆಗ;
ಇವನು ಅಪ್ಪಟ ಬೆಳ್ಳಿ ಅಚ್ಚು ಹಾಕಿಸಿದ.
ಇನ್ನೊಂದರಲ್ಲಿ ಮೂರು ತಲೆ ಸಾಲಾಗಿ:
ಅತ್ತ ಇಬ್ಬರು ನಿಜದ ಚಕ್ರವರ್ತಿಗಳು, ಜತೆಗೆ ಇವನು,
ಸುತ್ತ ಬರಹ: ಕರಾಸಿಯಸ್ ಮತ್ತು ಅವನ ಸೋದರರು.
ಕರೆಯದ ಮದುವೆಗೆ ಹೋಗಿ
ಗ್ರೂಪ್ ಫೋಟೊದಲ್ಲಿ ನಿಂತುಬಿಟ್ಟವನ ಹಾಗೆ.
ಆ ಸೋದರರು ಹಡಗು ಕಟ್ಟಿಸುತ್ತಿದ್ದರು.

ಆದರೆ ಕೊಂದವರು ಅವರಲ್ಲ.
ಲೆಕ್ಕ ಬರೆಯುತ್ತಿದ್ದವ, ಉಂಡ ಮನೆಯವನೇ.

ಕಂಬದ ಒಂದು ತುದಿಯಲ್ಲಿ ಇವನ ಹೆಸರು, ಅದರೊಳಗೆ
'ಅಜೇಯ' ಎಂಬ ಬಿರುದು.
ಇನ್ನೊಂದು ತುದಿಯಲ್ಲಿ ಕಾನ್‌ಸ್ಟಂಟೈನ್,
ದ್ವೀಪವನ್ನು ಮರಳಿ ಗೆದ್ದವನ ಮಗ.
ಯಾವ ಕಡೆ ಮೇಲು ಮಾಡಿ ನಿಲ್ಲಿಸಿದರೂ
ಒಬ್ಬ ದೊರೆ ಶೀರ್ಷಾಸನ ಹಾಕಲೇಬೇಕು.

ಬೆಳಗಿನ ಪಾಳಿಯ ವಿಲ್ಫ್ ರೌಟ್ಲೆಜ್
ಮೂವತ್ತು ವರ್ಷ ಕೌಂಟಿಯ ರಸ್ತೆಗಳಿಗೆ ಬೋರ್ಡು ನೆಟ್ಟವನು.
ಅವನ ಪ್ರಕಾರ ಇದರಲ್ಲಿ ರಾಜಕೀಯವೇ ಇಲ್ಲ:
"ಹೊಸ ಕಲ್ಲಿಗೆ ಬಜೆಟ್ ಇರಲಿಕ್ಕಿಲ್ಲ.
ಕಿತ್ತು ತಿರುಗಿಸಿ ನೆಡ್ರಪ್ಪ ಅಂದಿರುತ್ತಾರೆ,
ಮಳೆ ಬೇರೆ ಬರುತ್ತಿರುತ್ತದೆ."

ಹಾಗೆ ಹೂತದ್ದಕ್ಕೇ ಉಳಿದ.
ದ್ವೀಪದ ಬೇರೆ ಕಲ್ಲುಗಳಿಂದೆಲ್ಲ ಅವನ ಹೆಸರು ಹೋಗಿದೆ,
ಉಳಿದದ್ದು ಇದೊಂದೇ ಅನ್ನುತ್ತಾರೆ, ಮಣ್ಣೊಳಗಿದ್ದದ್ದು.
ಬೈದುಕೊಂಡು ಗುಂಡಿ ತೋಡಿದ ಆ ಆಳಿನ ಹೆಸರು
ಯಾವ ತುದಿಯಲ್ಲೂ ಇಲ್ಲ.
ಅಪ್ಪ ತೆಗೆದ ಸಾವಿರಾರು ಅಚ್ಚುಗಳ ಮೂಲೆಯಲ್ಲಿ
ನಂಬರು ಇದೆ, ತಾರೀಖು ಇದೆ, ಸಾಹೇಬರ ರುಜು ಇದೆ.
ಒಂದರಲ್ಲಿ ಮಾತ್ರ, ಮಸಿ ಒಣಗುವ ಮುಂಚೆ ತಗುಲಿದ
ಹೆಬ್ಬೆರಳಿನ ಗುರುತು. ಅವನದೇ ಇರಬೇಕು.

ನಾಲ್ಕು ಗಂಟೆಯ ಸುತ್ತಿನಲ್ಲಿ ಯಾರೂ ನೋಡುವುದಿಲ್ಲ.
ನೆಲಕ್ಕೆ ಕೆನ್ನೆ ಇಟ್ಟು ಕತ್ತು ತಿರುಗಿಸಿ,
ಬುಡದಿಂದ ಟಾರ್ಚು ಬಿಟ್ಟು
ಅಕ್ಷರ ಅಕ್ಷರ ಕೂಡಿಸುತ್ತೇನೆ.
ನೆಲದ ತಣ್ಣಗೆ ಕಿವಿಗೆ ಹತ್ತುತ್ತದೆ.

ಆರಕ್ಕೆ ವಿಲ್ಫ್ ಬಂದು ಕೋಟು ಕೊಡವುತ್ತಾನೆ.
"ರಾತ್ರಿ ಏನಾದರೂ?"
ರಿಜಿಸ್ಟರಿಗೆ ರುಜು ಹಾಕುತ್ತ ಹೇಳುತ್ತೇನೆ:
ಏನಿಲ್ಲ. ಸ್ವಲ್ಪ ಹೊತ್ತು ಎದ್ದಿದ್ದ.